ಬೆನ್ನ ಹಿಂದಿನ ಲೆಕ್ಕ

ಮಕ್ಕಳೇ, ಅಜ್ಜ-ಅಜ್ಜಿಯರೇ, ಈ ವಾರ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಬಲಗೈಯನ್ನು ಎಡ ಹೆಗಲ ಮೇಲಿಂದ ಹಿಂದಕ್ಕೆ ಹಾಕಿ ಬೆರಳುಗಳನ್ನು ಬೆನ್ನ ಮೇಲಿಡಿ. ಅಲ್ಲಿ ಗಟ್ಟಿಯಾದ ಒಂದು ಏಣು ಸಿಗುತ್ತದೆ. ಈಗ ಎಡಗೈಯನ್ನು ನಿಧಾನವಾಗಿ ಮೇಲಕ್ಕೆತ್ತಿ. ಬೆರಳ ಕೆಳಗೆ ಆ ಏಣು ಸರಿದಂತಾಯಿತಲ್ಲವೇ? ಎತ್ತಿದ್ದು ಕೈ, ಆದರೆ ಬೆನ್ನಿನಲ್ಲೂ ಏನೋ ನಡೆಯಿತು. ಎಪ್ಪತ್ತು ದಾಟುವವರೆಗೆ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣಕ್ಕೆ ಮೊಮ್ಮಗಳು ಎರಡು ತಿಂಗಳು ಸುಮ್ಮನೆ ನೋವು ತಿಂದಳು. ಆ ಕಥೆ ಹೇಳುತ್ತೇನೆ.

ಅವಳಾಗ ಚಿತ್ರದುರ್ಗದಲ್ಲಿ ಏಳನೇ ತರಗತಿ. ಶಾಲೆಯ ಥ್ರೋಬಾಲ್ ತಂಡದಲ್ಲಿದ್ದಳು. ಒಂದು ದಿನ ಆಟ ಮುಗಿಸಿ ಬಂದು, "ಅಜ್ಜ, ಬಲ ಭುಜ ನೋಯ್ತಿದೆ" ಎಂದಳು. ನಾನು ಭುಜದ ತುದಿಗೆ ಹೊಸದುರ್ಗದ ಗಾಣದ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಮರುದಿನ ಮುಲಾಮು ಹಚ್ಚಿದೆ. ಮೂರನೇ ದಿನ ಉಪದೇಶ ಮಾಡಿದೆ: "ಆಡೋರಿಗೆ ನೋವು ಇದ್ದದ್ದೇ, ತಡ್ಕೋಬೇಕು." ಅವಳು ಒಳ್ಳೆಯ ಹುಡುಗಿ. ತಡೆದುಕೊಂಡಳು. ಆಮೇಲೆ ನೋವಿನ ಮಾತನ್ನೇ ಎತ್ತಲಿಲ್ಲ. ವಾಸಿಯಾಯಿತು ಎಂದುಕೊಂಡೆ.

ಪೋಷಕರ ಸಭೆಗೆ ಆ ತಿಂಗಳು ನಾನೇ ಹೋಗಿದ್ದೆ. ಅವಳ ಶಿಕ್ಷಕಿ, "ಮೊದಲು ಪ್ರತಿ ಪ್ರಶ್ನೆಗೂ ಕೈ ಎತ್ತುತ್ತಿದ್ದಳು. ಈಗ ಎತ್ತುವುದೇ ಇಲ್ಲ. ಪಾಠದ ಮೇಲೆ ಗಮನ ಕಡಿಮೆಯಾಗಿದೆ" ಎಂದರು. ಮನೆಗೆ ಬಂದು ಕೇಳಿದೆ. ಅವಳು ತಲೆ ತಗ್ಗಿಸಿ ಹೇಳಿದ್ದು ಇಷ್ಟೇ: "ಬಲಗೈ ಎತ್ತಿದ್ರೆ ನೋಯುತ್ತೆ ಅಜ್ಜ. ಎಡಗೈ ಎತ್ತಿದ್ರೆ ಎಲ್ಲಾರೂ ನಗ್ತಾರೆ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿ ಕೂತ ಮಗು, ಅದನ್ನು ಹಾಗೆ ಕೂರಿಸಿದ್ದು ನನ್ನ ಉಪದೇಶ.

ನನ್ನ ಬಲ ಭುಜವೂ ಅಷ್ಟಕ್ಕಷ್ಟೇ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲಾ ಸುತ್ತಿದವನು ನಾನು. ಕಂಪ್ಯೂಟರ್ ಬರುವ ಮುಂಚಿನ ಕಾಲ. ಮಣಭಾರದ ಲೆಡ್ಜರುಗಳನ್ನು ಕಪಾಟಿನ ಮೇಲಿನ ಹಲಗೆಯಿಂದ ಇಳಿಸಬೇಕು, ಸಂಜೆ ಮತ್ತೆ ಏರಿಸಬೇಕು. ನಡುವೆ ಇಡೀ ದಿನ ಕುತ್ತಿಗೆ ಬಗ್ಗಿಸಿ, ಹೆಗಲು ಮುಂದೆ ಮಾಡಿ ಬರೆಯಬೇಕು. ಹೊಳಲ್ಕೆರೆ ಶಾಖೆಯಲ್ಲಿದ್ದಾಗ ಚಿತ್ರದುರ್ಗದಿಂದ ದಿನಾ ಬಸ್ಸು. ಸೀಟು ಸಿಗದ ದಿನ ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತದ್ದೇ. ಈಗ ಹಗ್ಗದ ಮೇಲೆ ಪಂಚೆ ಹರವಲೂ ಕೈ ಏಳುವುದಿಲ್ಲ. "ವಯಸ್ಸಾಯ್ತು" ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಮೊಮ್ಮಗಳಿಗೆ ಆ ತೀರ್ಪು ಕೊಡಲು ಬರುವುದಿಲ್ಲವಲ್ಲ. ಇಬ್ಬರೂ ಒಟ್ಟಿಗೆ ಮೂಳೆ ವೈದ್ಯರ ಬಳಿ ಹೋದೆವು. ಅವರು ಪರೀಕ್ಷೆ ಮಾಡಿ, ಮೂಳೆ ಮುರಿದಿಲ್ಲ, ಸ್ನಾಯು ಹರಿದಿಲ್ಲ ಎಂದು ಖಚಿತಪಡಿಸಿಕೊಂಡು, ಫಿಸಿಯೋಥೆರಪಿಗೆ ಬರೆದುಕೊಟ್ಟರು.

ಫಿಸಿಯೋಥೆರಪಿ ಮಾಡುವ ಹುಡುಗಿಗೆ ನನ್ನ ಮಗಳ ವಯಸ್ಸು. ನಾನು ಭುಜದ ತುದಿ ಮುಟ್ಟಿ, "ನೋವು ಇಲ್ಲಿ" ಎಂದೆ. "ಸರಿ ಅಂಕಲ್, ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ" ಎಂದರು. ನೋವು ಮುಂದೆ ತೋರಿಸಿದರೆ ಇವರು ಬೆನ್ನು ನೋಡುತ್ತಾರಲ್ಲ ಎನಿಸಿತು. ಮೊಮ್ಮಗಳ ಎರಡೂ ಕೈಗೆ ಒಂದೊಂದು ಸಣ್ಣ ತೂಕ ಕೊಟ್ಟು, ಕೈಗಳನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿ, ಅಷ್ಟೇ ನಿಧಾನವಾಗಿ ಇಳಿಸಲು ಹೇಳಿದರು. ಹೀಗೆ ಐದು ಸಲ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಇಳಿಸುವಾಗ ನೋಡಿ" ಎಂದರು.

ನೋಡಿದೆ. ಎಡಗಡೆಯ ಮೂಳೆ ಬೆನ್ನಿಗೆ ಅಂಟಿಕೊಂಡೇ ಜಾರಿ ಇಳಿಯಿತು. ಬಲಗಡೆಯದು ಅರ್ಧದಾರಿಯಲ್ಲಿ ತಡವರಿಸಿ, ಬೆನ್ನುಮೂಳೆಯ ಕಡೆಯ ಅಂಚು ಅಂಗಿಯ ಕೆಳಗೆ ಕೋಳಿಮರಿಯ ರೆಕ್ಕೆಯಂತೆ ಎದ್ದು ನಿಂತಿತು.

ಆಮೇಲೆ ಅವರು ಆ ಮೂಳೆಯ ಮೇಲೆ ತಮ್ಮ ಅಂಗೈ ಇಟ್ಟು, ಅದು ಹೋಗಬೇಕಾದ ದಾರಿಯಲ್ಲಿ ಮೆಲ್ಲಗೆ ತಳ್ಳುತ್ತಾ, "ಈಗ ಕೈ ಎತ್ತು ಪುಟ್ಟಾ" ಎಂದರು. ಅವಳು ಎತ್ತಿದಳು. ಕಿವಿ ದಾಟಿ, ನೆತ್ತಿ ದಾಟಿ ಕೈ ಮೇಲೆ ಹೋಯಿತು. "ಅಜ್ಜ, ನೋವೇ ಇಲ್ಲ!" ಎಂದು ತಿರುಗಿ ನೋಡಿದಳು. ಅವರು ಅಂಗೈ ತೆಗೆದು ಮತ್ತೆ ಎತ್ತಲು ಹೇಳಿದರು. ಮತ್ತೆ ನೋವು. ತಪ್ಪು ಎಲ್ಲಿದೆ ಎಂದು ತಿಳಿಯಿತು.

ನನಗೆ ಹಳೆಯ ಬ್ಯಾಂಕು ನೆನಪಾಯಿತು. ತಿಂಗಳ ಕೊನೆಗೆ ಖಾತೆಗಳನ್ನು ಕೂಡಿಸಿ ತಾಳೆ ನೋಡುವಾಗ ಎಷ್ಟೋ ಸಲ ವ್ಯತ್ಯಾಸ ಬರುತ್ತಿತ್ತು. ಹೊಸಬರು ವ್ಯತ್ಯಾಸ ಕಂಡ ಪುಟವನ್ನೇ ಹತ್ತು ಸಲ ಕೂಡುತ್ತಾ ಕೂರುತ್ತಿದ್ದರು. ಹಳಬರು ಆ ಪುಟ ಮುಚ್ಚಿ ಹಿಂದಿನ ಪುಸ್ತಕ ತೆಗೆಯುತ್ತಿದ್ದರು. ವ್ಯತ್ಯಾಸ ಕಾಣುವುದು ಒಂದು ಕಡೆ, ತಪ್ಪು ಬಿದ್ದಿರುವುದು ಇನ್ನೊಂದು ಕಡೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನಾನು ಭುಜದ ವಿಷಯದಲ್ಲಿ ಮಾತ್ರ ನೋವು ಕಂಡ ಪುಟಕ್ಕೇ ಎಣ್ಣೆ ತಿಕ್ಕುತ್ತಾ ಕೂತಿದ್ದೆ.

ಈಗ ಆ ಮೂಳೆಯ ವಿಷಯಕ್ಕೆ ಬರೋಣ. ವೈದ್ಯರು ಅದನ್ನು ಸ್ಕ್ಯಾಪುಲಾ ಎನ್ನುತ್ತಾರೆ. ನಾವು ಹೆಗಲ ಹಲಗೆ ಎನ್ನೋಣ. ತೆಳ್ಳಗಿನ ತ್ರಿಕೋನಾಕಾರದ ಮೂಳೆ. ಎರಡನೇ ಪಕ್ಕೆಲುಬಿನಿಂದ ಏಳನೇ ಪಕ್ಕೆಲುಬಿನವರೆಗೆ ಬೆನ್ನ ಮೇಲೆ ಹರಡಿಕೊಂಡಿರುತ್ತದೆ. ಸೋಜಿಗವೆಂದರೆ, ಅದಕ್ಕೂ ಮುಂಡದ ಅಸ್ಥಿಪಂಜರಕ್ಕೂ ಇರುವ ಮೂಳೆಯ ಕೊಂಡಿ ಒಂದೇ ಒಂದು: ಮುಂದುಗಡೆಯ ಕಾಲರ್ ಮೂಳೆ. ಉಳಿದಂತೆ ಹದಿನೇಳು ಸ್ನಾಯುಗಳು ಅದನ್ನು ಸುತ್ತಲಿನಿಂದ ಎಳೆದು ಹಿಡಿದಿರುತ್ತವೆ. ತೇರನ್ನು ನಾಲ್ಕೂ ಕಡೆಯಿಂದ ಹಗ್ಗ ಹಿಡಿದು ನಡೆಸಿದ ಹಾಗೆ. ಯಾವುದೋ ಒಂದು ಹಗ್ಗದವರು ಸುಸ್ತಾಗಿ ಕೈ ಬಿಟ್ಟರೆ ತೇರು ಓರೆಯಾಗುತ್ತದಲ್ಲ, ಹಲಗೆಯೂ ಹಾಗೆಯೇ.

ತೋಳಿನ ಮೂಳೆಯ ಗುಂಡು ತಲೆ ಕೂರುವ ಬಟ್ಟಲು ಇರುವುದು ಈ ಹಲಗೆಯ ಮೂಲೆಯಲ್ಲಿ. ಕೈಯನ್ನು ನೇರ ಮೇಲಕ್ಕೆತ್ತಿದರೆ 180 ಡಿಗ್ರಿ. ಅದರಲ್ಲಿ ಸುಮಾರು 120 ಡಿಗ್ರಿ ತೋಳಿನ ಕೀಲಿನದು, ಸುಮಾರು 60 ಡಿಗ್ರಿ ಈ ಹಲಗೆ ತಿರುಗುವುದರಿಂದ ಸಿಗುವುದು. ಎರಡಕ್ಕೆ ಒಂದರ ಈ ತಾಳವನ್ನು 1944ರಲ್ಲಿ ಅಮೆರಿಕದ ಇನ್ಮನ್ ಮತ್ತು ಅವರ ಸಂಗಡಿಗರು ಅಳೆದು ತೋರಿಸಿದರು. ಹಲಗೆ ತನ್ನ ಪಾಲು ತಿರುಗದಿದ್ದರೆ ಭುಜದ ಚಾವಣಿಯ ಕೆಳಗೆ ಜಾಗ ಸಾಲದೆ ಸ್ನಾಯುರಜ್ಜುಗಳು ಉಜ್ಜಬಹುದು, ನೋವು ಬರಬಹುದು.

ಮಕ್ಕಳೇ, ಜೆಸಿಬಿ ಕೆಲಸ ಮಾಡುವುದನ್ನು ನೋಡಿದ್ದೀರಲ್ಲ? ಮಣ್ಣು ಅಗೆಯುವ ಮೊದಲು ಹಿಂದಿನ ಎರಡು ಕಾಲುಗಳನ್ನು ನೆಲಕ್ಕೆ ಊರುತ್ತದೆ. ಊರದೆ ತೋಳು ಚಾಚಿದರೆ ಇಡೀ ಗಾಡಿಯೇ ಅಲ್ಲಾಡುತ್ತದೆ. ನಮ್ಮ ತೋಳಿಗೆ ಹೆಗಲ ಹಲಗೆಯೇ ಆ ಊರುಗಾಲು. ಆದರೆ ಇದು ತೋಳಿನ ಜೊತೆ ಜೊತೆಗೇ ಸರಿಯುತ್ತಾ ಊರಿಕೊಳ್ಳುತ್ತದೆ.

ಹಲಗೆಯ ನಡೆ ತಾಳ ತಪ್ಪುವುದಕ್ಕೆ ಸ್ಕ್ಯಾಪುಲರ್ ಡಿಸ್ಕೈನೀಸಿಸ್ ಎಂದು ಹೆಸರು. ಕೆಂಟಕಿಯ ಮೂಳೆ ವೈದ್ಯ ಡಾ. ಬೆನ್ ಕಿಬ್ಲರ್ ಕ್ರೀಡಾಪಟುಗಳ ಭುಜಗಳನ್ನು ವರ್ಷಗಟ್ಟಲೆ ನೋಡಿ, ಇದರ ಬಗೆಗಳನ್ನು ವಿಂಗಡಿಸಿದವರಲ್ಲಿ ಪ್ರಮುಖರು. ಕಾರಣಗಳು ಹಲವು. ಪಕ್ಕೆಗೆ ಅಂಟಿಕೊಂಡು ಹಲಗೆಯನ್ನು ಹಿಡಿದಿಡುವ ಸೆರೇಟಸ್ ಎಂಬ ಸ್ನಾಯು ಸೋತಿರಬಹುದು. ಬೆನ್ನಿನ ಟ್ರಪೀಜಿಯಸ್ ಸ್ನಾಯುವಿನ ಕೆಳಭಾಗ ಸೊರಗಿರಬಹುದು. ಸದಾ ಮುಂದೆ ಬಾಗಿ ಕೂತು ಎದೆಯ ಸ್ನಾಯು ಬಿಗಿದುಕೊಂಡಿರಬಹುದು. ಹಳೆಯ ಕಾಲರ್ ಮೂಳೆಯ ಮುರಿತ, ನರದ ಪೆಟ್ಟು ಇರಬಹುದು. ಒಂದು ಮಾತು ನೆನಪಿರಲಿ: ಎರಡೂ ಕಡೆ ಒಂದೇ ಸಮ ಇಲ್ಲದಿದ್ದರೆ ಅದೇ ಕಾಯಿಲೆಯಲ್ಲ. ನೋವೇ ಇಲ್ಲದ ಎಷ್ಟೋ ಜನರಲ್ಲಿ, ಅದರಲ್ಲೂ ಒಂದೇ ಕೈಯಲ್ಲಿ ಎಸೆಯುವ ಆಟಗಾರರಲ್ಲಿ, ಈ ವ್ಯತ್ಯಾಸ ಇರುತ್ತದೆ. ನೋವು ಇದ್ದು, ಹಲಗೆಗೆ ಆಸರೆ ಕೊಟ್ಟಾಗ ಕಡಿಮೆಯಾದರೆ, ಆಗ ಅದರ ಕಡೆ ಬೆರಳು ತೋರಿಸಬಹುದು.

ಇದಕ್ಕೆ ಮದ್ದು ಬಹುಪಾಲು ವ್ಯಾಯಾಮವೇ. ನಮಗೆ ಕಲಿಸಿದವುಗಳಲ್ಲಿ ಕೆಲವನ್ನು ಹೇಳುತ್ತೇನೆ.

ಮೊದಲನೆಯದು ಬಾಗಿಲಿನದು. ಬಾಗಿಲ ಚೌಕಟ್ಟಿಗೆ ಮುಂಗೈ ಒರಗಿಸಿ, ಒಂದು ಹೆಜ್ಜೆ ಮುಂದಿಟ್ಟು, ಎದೆ ಮೆಲ್ಲಗೆ ಹಿಗ್ಗುವಂತೆ ಅರ್ಧ ನಿಮಿಷ ನಿಲ್ಲುವುದು. ಬಿಗಿದ ಎದೆ ಸಡಿಲವಾಗದೆ ಹಲಗೆ ಹಿಂದಕ್ಕೆ ಬರುವುದಿಲ್ಲ.

ಎರಡನೆಯದು ಗೋಡೆ ತಳ್ಳುವುದು. ಗೋಡೆಗೆ ಎರಡೂ ಅಂಗೈ ಇಟ್ಟು, ಮೊಣಕೈ ಮಡಚದೆ, ಎದೆಯನ್ನು ಗೋಡೆಯತ್ತ ಸ್ವಲ್ಪ ಬಿಡುವುದು. ಆಗ ಹಿಂದೆ ಎರಡು ಹಲಗೆಗಳು ಹತ್ತಿರ ಬರುತ್ತವೆ. ಆಮೇಲೆ ಗೋಡೆಯನ್ನು ಪೂರ್ತಿ ದೂರ ತಳ್ಳುವುದು. ಹಲಗೆಗಳು ಪಕ್ಕೆಗಳ ಮೇಲೆ ಸುತ್ತಿಕೊಂಡು ದೂರ ಸರಿಯುತ್ತವೆ. ನೋಡುವವರಿಗೆ ಏನೂ ಮಾಡಿದ ಹಾಗೆ ಕಾಣುವುದಿಲ್ಲ. ಆದರೆ ಆ ಸೆರೇಟಸ್ ಸ್ನಾಯುವಿಗೆ ಇದು ದೊಡ್ಡ ಕೆಲಸ. ಹತ್ತು ಸಲ ಮಾಡುವಷ್ಟರಲ್ಲಿ ನನ್ನ ಕಂಕುಳ ಕೆಳಗೆ ನಡುಕ ಬಂದಿತ್ತು.

ಮೂರನೆಯದರ ಹೆಸರು ಕೇಳಿ ನಾನು ಬೆಚ್ಚಿದೆ: "ರಾಬರಿ"! ಕಿಬ್ಲರ್ ಅವರ ತಂಡ ಇಟ್ಟ ಹೆಸರೇ ಅದು. ದರೋಡೆಕೋರ "ಕೈ ಮೇಲೆತ್ತು" ಎಂದರೆ ನಿಲ್ಲುತ್ತೇವಲ್ಲ, ಹಾಗೆ ಅಂಗೈ ಮುಂದೆ ಮಾಡಿ, ಮೊಣಕೈ ಮಡಚಿ ನಿಲ್ಲುವುದು. ಮೊದಲು ಸ್ವಲ್ಪ ಮುಂದೆ ಬಾಗಿ, ಆಮೇಲೆ ನೆಟ್ಟಗಾಗುತ್ತಾ ಮೊಣಕೈಗಳನ್ನು ಪ್ಯಾಂಟಿನ ಹಿಂದಿನ ಜೇಬುಗಳ ಕಡೆಗೆ ಇಳಿಸಿ, ಐದು ಎಣಿಸುವವರೆಗೆ ಹಿಡಿಯುವುದು. ಬ್ಯಾಂಕಿನಲ್ಲಿದ್ದಷ್ಟು ವರ್ಷ ಯಾರೂ ನನ್ನ ಕೈ ಮೇಲೆತ್ತಿಸಿರಲಿಲ್ಲ. ನಿವೃತ್ತನಾದ ಮೇಲೆ ಮೊಮ್ಮಗಳು ದಿನಾ ಬೆಳಿಗ್ಗೆ ಬೆರಳನ್ನೇ ಪಿಸ್ತೂಲು ಮಾಡಿ, "ಹ್ಯಾಂಡ್ಸಪ್ ಅಜ್ಜ!" ಎನ್ನತೊಡಗಿದಳು.

ನಾಲ್ಕನೆಯದಕ್ಕೆ ಅವರು ಇಟ್ಟ ಹೆಸರು ಹುಲ್ಲು ಕತ್ತರಿಸುವ ಯಂತ್ರದ್ದು. ನಮ್ಮ ಕಡೆ ಹೊಲದ ಪಂಪು ಎಂದರೆ ಬೇಗ ತಿಳಿಯುತ್ತದೆ. ಸಣ್ಣ ಪೆಟ್ರೋಲ್ ಪಂಪನ್ನು ಹಗ್ಗ ಎಳೆದು ಚಾಲೂ ಮಾಡುವ ಹಾಗೆ, ಮಂಡಿ ಸ್ವಲ್ಪ ಬಗ್ಗಿಸಿ, ಬಲಗೈಯನ್ನು ಎಡ ಮಂಡಿಯ ಕಡೆಗೆ ಒಯ್ದು, ಸೊಂಟ ತಿರುಗಿಸುತ್ತಾ ಮೇಲೆದ್ದು ಮೊಣಕೈಯನ್ನು ಹಿಂದಿನ ಜೇಬಿಗೆ ತರುವುದು. ಎಳೆಯುವುದು ನಿಧಾನವಾಗಿ. ಪಂಪು ಚಾಲೂ ಆಗಬೇಕಾಗಿಲ್ಲ!

"ಭುಜಕ್ಕೆ ಬಂದವರಿಗೆ ಮಂಡಿ, ಸೊಂಟ ಯಾಕೆ?" ಎಂದು ಕೇಳಿದೆ. "ಚೆಂಡಿಗೆ ಬಲ ಬರೋದು ನೆಲದಿಂದ ಅಂಕಲ್. ಕಾಲು, ಸೊಂಟ, ಬೆನ್ನು ದಾಟಿ ಹಲಗೆಗೆ ಬಂದು, ಅಲ್ಲಿಂದ ಕೈಗೆ" ಎಂದರು. ಟೆನಿಸ್ ಆಟಗಾರರು ಸರ್ವ್ ಮಾಡುವಾಗ ಸುಮಾರು ಅರ್ಧದಷ್ಟು ಶಕ್ತಿ ಕಾಲು, ಸೊಂಟ, ಮುಂಡಗಳಿಂದಲೇ ಬರುತ್ತದಂತೆ. ಮೊಮ್ಮಗಳು ಬರೀ ತೋಳಿನಿಂದ ಎಸೆಯುತ್ತಿದ್ದಳು. ಅವಳಿಗೆ ನಾನು ಕೋಟೆಯ ಓಬವ್ವನ ಕಿಂಡಿ ತೋರಿಸಲು ಹೋದಾಗ ಇದನ್ನೇ ಹೇಳಿದೆ. ಹೈದರಾಲಿಯ ಸೈನಿಕರು ಆ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿದಾಗ ಓಬವ್ವನ ಕೈಯಲ್ಲಿದ್ದದ್ದು ಒನಕೆ. ನಮ್ಮ ಅಮ್ಮ ಒನಕೆ ಹಿಡಿದು ಭತ್ತ ಕುಟ್ಟುವುದನ್ನು ನೋಡಿ ಬೆಳೆದವನು ನಾನು. ಕಾಲು ಅಗಲಿಸಿ ಊರಿ, ಹಿಮ್ಮಡಿಯಿಂದ ಎದ್ದು, ಬೆನ್ನಿನಿಂದ ಎತ್ತಿ ಕುಟ್ಟುತ್ತಿದ್ದರು. ತೋಳೊಂದನ್ನೇ ನಂಬಿದ್ದರೆ ಒಂದು ಸೇರು ಕುಟ್ಟುವಷ್ಟರಲ್ಲಿ ಸೋಲುತ್ತಿದ್ದರು.

ಇವೆಲ್ಲಾ ಹತ್ತತ್ತು ಸಲ, ಎರಡು-ಮೂರು ಸುತ್ತು. ತೂಕ ಆಮೇಲೆ, ಅದೂ ಹಗುರದ್ದು. ಚುಚ್ಚುವ ನೋವು ಬಂದರೆ ನಿಲ್ಲಿಸಬೇಕು. ಸ್ನಾಯು ದಣಿದು ಹಲಗೆ ಮತ್ತೆ ರೆಕ್ಕೆಯಂತೆ ಎದ್ದರೂ ನಿಲ್ಲಿಸಬೇಕು. ಇಲ್ಲದಿದ್ದರೆ ತಪ್ಪನ್ನೇ ಅಭ್ಯಾಸ ಮಾಡಿದಂತಾಗುತ್ತದೆ. ಅದಕ್ಕೇ ಹಿಂದೆ ನಿಂತು ನೋಡುವವರು ಒಬ್ಬರು ಬೇಕು.

ಎರಡನೇ ವಾರಕ್ಕೆ ಅವಳಿಗೆ ಬೇಸರ ಬಂತು. "ಏನೂ ಆಗ್ತಿಲ್ಲ ಅಜ್ಜ." ಇಂಥ ಅಭ್ಯಾಸ ಫಲ ಕೊಡಲು ಆರು ವಾರದಿಂದ ಹನ್ನೆರಡು ವಾರ ಬೇಕು ಎಂದು ಮೊದಲೇ ಹೇಳಿದ್ದರು. ನಾನು ಹಿರಿಯೂರಿನ ಮಾರಿಕಣಿವೆ ನೆನಪಿಸಿದೆ. ವೇದಾವತಿಗೆ ಕಟ್ಟಿದ ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಹಿರಿಯೂರಿನಲ್ಲಿ ಕೆಲಸಕ್ಕಿದ್ದಾಗ, ಕೋಡಿ ನೋಡುವ ಭಾಗ್ಯ ನಮಗಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಕೊನೆಗೆ ನೋಡಿದೆ. "ಅದು 89 ವರ್ಷ ಕಾಯ್ತು, ನೀನು ಹನ್ನೆರಡು ವಾರ ಕಾಯಲ್ವಾ?" ಎಂದೆ. ನಕ್ಕು ಗೋಡೆಗೆ ಕೈಯಿಟ್ಟಳು.

ಅನಿಲ್ ಕುಂಬ್ಳೆಯವರ ಕಥೆಯನ್ನೂ ಹೇಳಿದೆ. ಅವರ ಭುಜದ ತೊಂದರೆ ಇನ್ನೂ ದೊಡ್ಡದು, ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆಯೇ ಆಯಿತು. 2001ರಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಾಗ ಅವರು ಆಡಲಾಗಲಿಲ್ಲ. ಲೆಗ್ ಸ್ಪಿನ್ನರನಿಗೆ ಭುಜ ಹೋದರೆ ಮುಗಿಯಿತು ಎಂದು ನಾವು ಬ್ಯಾಂಕಿನ ಕ್ಯಾಂಟೀನಿನಲ್ಲಿ ಕೂತು ಷರಾ ಬರೆದಿದ್ದೆವು. ಅವರು ತಿಂಗಳುಗಟ್ಟಲೆ ವ್ಯಾಯಾಮ ಮಾಡಿ ಅದೇ ವರ್ಷ ಮರಳಿದರು. 2008ರಲ್ಲಿ ನಿವೃತ್ತರಾದಾಗ ಟೆಸ್ಟ್‌ನಲ್ಲಿ 619 ವಿಕೆಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಶಸ್ತ್ರಚಿಕಿತ್ಸೆಯ ನಂತರದವು.

ಹಿರಿಯರಿಗೆ ಎರಡು ಎಚ್ಚರಿಕೆಯ ಮಾತು. ಭುಜದ ನೋವೆಲ್ಲಾ ಹಲಗೆಯದಲ್ಲ. ಬೇರೆಯವರು ಎತ್ತಿದರೂ ಕೈ ಏಳದಷ್ಟು ಬಿಗಿದಿದ್ದರೆ ಅದು ಬೇರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಹೆಚ್ಚು. ಬಿದ್ದ ಮೇಲೆ ಕೈ ಎತ್ತಲು ಬಲವೇ ಇಲ್ಲದಿದ್ದರೆ, ಜೋಮು ಹಿಡಿದರೆ, ವ್ಯಾಯಾಮಕ್ಕೆ ಮುಂಚೆ ವೈದ್ಯರನ್ನು ಕಾಣಿ. ಭುಜದ ನೋವಿನ ಜೊತೆ ಎದೆ ಹಿಂಡಿದಂತಾಗಿ ಬೆವರು ಬಂದರೆ ಎಣ್ಣೆ ಹುಡುಕಬೇಡಿ, ಆಸ್ಪತ್ರೆಗೆ ಓಡಿ. ಮಕ್ಕಳಿಗೆ ಒಂದು ಮಾತು: ಶಾಲೆಯ ಚೀಲವನ್ನು ಎರಡೂ ಹೆಗಲಿಗೆ ಹಾಕಿ. ಅದರ ತೂಕ ನಿಮ್ಮ ತೂಕದ ಹತ್ತನೇ ಒಂದು ಭಾಗ ಮೀರಬಾರದು ಎಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯೇ ಹೇಳುತ್ತದೆ. ಮೂವತ್ತು ಕಿಲೋ ಇರುವವರಿಗೆ ಮೂರು ಕಿಲೋ. ಇವತ್ತೇ ತೂಗಿ ನೋಡಿ.

ನಮ್ಮ ಮನೆಯ ಲೆಕ್ಕ ಎಲ್ಲಿಗೆ ಬಂತು? ನನ್ನದು ಪೂರ್ತಿ ತಾಳೆಯಾಗಿಲ್ಲ. ಪಂಚೆ ಹಗ್ಗಕ್ಕೆ ಏರುತ್ತದೆ, ಅಟ್ಟದ ಡಬ್ಬಿಗೆ ಇನ್ನೂ ಸ್ಟೂಲು ಬೇಕು. ವ್ಯಾಯಾಮ ಬಿಟ್ಟ ವಾರ ನೋವು ಬಡ್ಡಿ ಸಮೇತ ವಾಪಸ್ಸು ಬರುತ್ತದೆ. ಮೊಮ್ಮಗಳು ಹತ್ತನೇ ವಾರಕ್ಕೆ ಮತ್ತೆ ಥ್ರೋಬಾಲ್ ಹಿಡಿದಳು, ಮೊದಮೊದಲು ಸ್ವಲ್ಪ ಸ್ವಲ್ಪ. ಮುಂದಿನ ಪೋಷಕರ ಸಭೆಗೂ ನಾನೇ ಹೋದೆ. "ಈಗ ಮತ್ತೆ ಎಲ್ಲದಕ್ಕೂ ಕೈ ಎತ್ತುತ್ತಾಳೆ. ಸ್ವಲ್ಪ ಸುಮ್ಮನಿರು ಅಂತ ಹೇಳಬೇಕಾಗಿದೆ" ಎಂದು ಶಿಕ್ಷಕಿ ನಕ್ಕರು. ಅಷ್ಟು ಸಿಹಿಯಾದ ದೂರು ನಾನು ಕೇಳಿರಲಿಲ್ಲ.

ಹೊಳಲ್ಕೆರೆಯ ಬಯಲು ಗಣಪತಿಗೆ ಬೆನ್ನ ಮೇಲೆ ಜಡೆಯಿದೆ. ಎದುರಿಗೆ ನಿಂತು ಕೈಮುಗಿದು ಹೊರಟವರಿಗೆ ಅದು ಕಾಣುವುದಿಲ್ಲ, ಸುತ್ತು ಬಂದವರಿಗೆ ಕಾಣುತ್ತದೆ. ನಮ್ಮ ಬೆನ್ನೂ ನಮಗೆ ಕಾಣುವುದಿಲ್ಲ, ಸುತ್ತು ಬರುವವರು ಬೇಕು. ಆದ್ದರಿಂದ ಈ ಭಾನುವಾರದ ಕೆಲಸ ಇದು: ಅಜ್ಜ-ಅಜ್ಜಿ ಗೋಡೆಯ ಕಡೆ ಮುಖ ಮಾಡಿ ನಿಂತು, ಐದು ಸಲ ನಿಧಾನವಾಗಿ ಕೈ ಎತ್ತಿ ಇಳಿಸಲಿ, ಮೊಮ್ಮಕ್ಕಳು ಹಿಂದೆ ನಿಂತು ನೋಡಲಿ. ಆಮೇಲೆ ಜಾಗ ಬದಲಾಯಿಸಿ. ನೋಡುವಾಗ, "ಎಲ್ಲಾದರೂ ನೋಯುತ್ತಾ?" ಎಂದು ಒಂದು ಮಾತು ಕೇಳಿ. "ನೋಯುತ್ತೆ" ಎಂದರೆ ದಯವಿಟ್ಟು, "ತಡ್ಕೋ" ಎನ್ನಬೇಡಿ.